ಇಲ್ಲದ ಮೊಸಳೆಯನ್ನು ಕೊಂದ ಅಪರಾಧ

ವನ್ಯಜೀವಿಗಳ ಕಾವಲಿಗೆ ಕೂತಿರುವ ಮಾನ್ಯರೇ,

ಸಂಡೂರಿನ ಗುಡ್ಡದಿಂದ ಚೀನಾಕ್ಕೆ ಹೊರಟ ಅದಿರನ್ನು ನಮ್ಮ ಹಳ್ಳದಲ್ಲಿ ತೊಳೆಯುತ್ತಾರೆ, ಆ ಕೆಂಪು ನೀರು ಹೊಳೆ ಸೇರುತ್ತಿದೆ, ಮೊಸಳೆ, ನೀರುನಾಯಿಗಳಿಗೆ ಉಳಿಗಾಲವಿಲ್ಲ, ತಡೆಯಿರಿ ಎಂದು ಕಳೆದ ಬೇಸಿಗೆಯಲ್ಲಿ ಅರ್ಜಿ ಕೊಟ್ಟೆವು. 'ಸದರಿ ಭಾಗದಲ್ಲಿ ಮೊಸಳೆಗಳ ವಾಸವಿರುವುದಿಲ್ಲ' ಎಂದು ಉತ್ತರಿಸಿದಿರಿ. ಈಗ ಅದೇ ಸದರಿ ಭಾಗದಲ್ಲಿ ಮೊಸಳೆ ಕೊಂದರೆಂದು ನನ್ನ ಭಾವ ಹೊನ್ನೂರಪ್ಪನವರನ್ನು ಜೈಲಿಗೆ ಹಾಕಿದ್ದೀರಿ. ಇಲ್ಲದ್ದನ್ನು ಕೊಲ್ಲುವುದು ಹೇಗೆ ಸ್ವಾಮಿ?

ಹೊಳೆದಂಡೆಯ ಹೆಂಗಸರಿಗೆ ಒಂದು ರೂಢಿಯಿದೆ. ನೀರಿಗಿಳಿಯುವ ಮುನ್ನ ಖಾಲಿ ಕೊಡವನ್ನು ಬಂಡೆಗೆ ಬಡಿದು, "ಅತ್ತಾಗ ಸರಿಯಪ್ಪಾ, ಕೊಡ ತುಂಬ್ಕೊಂಡು ಹೊಕ್ಕೀವಿ" ಎನ್ನುತ್ತೇವೆ. ಮಡುವಿನ ಮೊಸಳೆ ಆಚೆ ಸರಿಯುವುದು ತಿಳಿನೀರಿನಲ್ಲಿ ಕಾಣುತ್ತದೆ. ಕಂಡ ಮೇಲೆ ಇಳಿಯುತ್ತೇವೆ. ಅಜ್ಜಿಯ ಕಾಲದಿಂದಲೂ ಅದು ನಮ್ಮನ್ನು ಮುಟ್ಟಿರಲಿಲ್ಲ, ನಾವೂ ಅದನ್ನು ಮುಟ್ಟಿರಲಿಲ್ಲ.

ಆ ದಿನವೂ ನನ್ನ ಅಕ್ಕ ಜಂಬವ್ವ ಕೊಡ ಬಡಿದಳು, ಕೂಗಿದಳು, ಕಾದಳು. ಕೆಂಪು ರಾಡಿಯಲ್ಲಿ ಅವಳ ಪಾದವೇ ಅವಳಿಗೆ ಕಾಣುತ್ತಿರಲಿಲ್ಲ. ಸರಿದಿರಬೇಕೆಂದು ಇಳಿದಳು. ಮೊಸಳೆ ತೋಳು ಹಿಡಿಯಿತು. ಹರಗೋಲು ಕಟ್ಟುತ್ತಿದ್ದ ಭಾವ ಓಡಿಬಂದು ಹರಗೋಲಿನ ಹುಟ್ಟಿನಿಂದ ಅದನ್ನು ಬಡಿದರು. ತೋಳೇನೋ ಬಿಟ್ಟಿತು, ಆಮೇಲೆ ಅದರ ಹೆಣ ದಂಡೆಗೆ ಬಂತು. ಆಗ ಬಂದಿರಿ ನೋಡಿ, ಜೀಪು ತುಂಬ! ಅಳತೆಯೇನು, ಫೋಟೊವೇನು, ಮಹಜರೇನು! ಮೊದಲನೆಯ ಶೆಡ್ಯೂಲಿನ ಪ್ರಾಣಿ, ಹುಲಿಯಷ್ಟೇ ಅಮೂಲ್ಯ ಎಂದು ನಮಗೆ ಪಾಠ ಬೇರೆ. ಜೀವ ಉಳಿಸಲು ಹೊಡೆದರೆ ತಪ್ಪಲ್ಲವೆಂದು ನಿಮ್ಮ ಕಾಯ್ದೆಯೇ ಹೇಳುತ್ತದಲ್ಲವೇ ಎಂದು ಕೇಳಿದೆ. "ನೋಡ್ಕೊಂಡು ಇಳೀಬೇಕಿತ್ತಮ್ಮಾ" ಎಂದರು ನಿಮ್ಮವರು.

ಆಸ್ಪತ್ರೆಯಲ್ಲಿ ಅಕ್ಕ ಅಳುತ್ತಿರುವುದು ಬರೀ ತೋಳಿಗಲ್ಲ. "ಅದು ನನಗ ಕಾಣ್ಲಿಲ್ಲ, ನಾನು ಅದಕ್ಕ ಕಾಣ್ಲಿಲ್ಲ. ಪಾಪ, ಅದರದ್ದೇನೈತಿ ತಪ್ಪು? ನಮ್ಮ ಮನೆಯವರದ್ದಾದ್ರೂ ಏನೈತಿ?" ಎನ್ನುತ್ತಾಳೆ. ಊರಿನ ಗಂಡಸರು ಈಗ ಹೊಳೆಗೆ ಕೊಡಲಿ ಹಿಡಿದೇ ಹೋಗುತ್ತಾರೆ. ಉಳಿದ ಮೊಸಳೆಗಳ ಗತಿ ನೆನೆದರೆ ಭಯವಾಗುತ್ತದೆ.

ಮೊಸಳೆ ಇಲ್ಲವೆನ್ನುವುದಾದರೆ ಭಾವನನ್ನು ನಾಳೆಯೇ ಮನೆಗೆ ಕಳಿಸಿ. ಇದೆಯೆನ್ನುವುದಾದರೆ ಹಾಗೆಂದು ಬರೆದುಕೊಡಿ, ಅದಿರು ತೊಳೆಯುವುದನ್ನು ನಿಲ್ಲಿಸಿ, ಅದರ ಸಾವಿಗೆ ನಿಜವಾಗಿ ಕಾರಣರಾದವರ ಮೇಲೆ ಕೇಸು ಹಾಕಿ. ಮೊದಲ ಆರೋಪಿ ಯಾರೆಂದು ಹುಡುಕಲು ಹೊಳೆಯತನಕ ಬರಬೇಕಾಗಿಲ್ಲ. ನಮ್ಮ ಅರ್ಜಿಗೆ ಕೊಟ್ಟ ಉತ್ತರದ ಕೆಳಗೆ ಅವರ ಸಹಿ ಇದೆ.

ಇಂತಿ,
ನಾಳೆಯೂ ಹೊಳೆಗೆ ಇಳಿಯಲೇಬೇಕಾದ
ರೇಣುಕಾದೇವಿ, ಕಂಪ್ಲಿ