ಒಣ ಬೋರುಗಳ ಗೋಡೆ

ಭಾತಂಬ್ರಾ, ಭಾಲ್ಕಿ ತಾಲೂಕು
೧೯ ಮೇ ೨೦೧೯

ಮುದ್ದು ಮಗಳು ಅಂಜನಾಳಿಗೆ ಅಪ್ಪನ ಮನಸ್ಸು ತುಂಬಿದ ಆಶೀರ್ವಾದ.

ಹೇಗಿದ್ದೀಯವ್ವಾ? ಕೆಮ್ಮು ಕಡಿಮೆಯಾಯಿತೇ? ಗಣಿಯೊಳಗೆ ಅರ್ಧ ಕಿಲೋಮೀಟರ್ ಇಳಿದು ಕೂಡುವವಳು ಊಟದ ಹೊತ್ತಿಗಾದರೂ ಮೇಲೆ ಬರುತ್ತೀಯೋ ಇಲ್ಲವೋ ಎಂಬುದೇ ನಿನ್ನ ಅವ್ವನ ಚಿಂತೆ. ರೊಟ್ಟಿಗೆ ಹಚ್ಚಿಕೊಳ್ಳಲು ಅವಳು ಕಟ್ಟಿ ಕಳಿಸಿದ ಶೇಂಗಾ ಹಿಂಡಿಯನ್ನು ಗೆಳತಿಯರಿಗೇ ಹಂಚಿ ಮುಗಿಸಬೇಡ. ನಾವಿಬ್ಬರೂ ಕ್ಷೇಮ. ನೀರಿನ ಟ್ಯಾಂಕರ್ ಎರಡು ದಿನಕ್ಕೊಮ್ಮೆ ಬರುತ್ತದೆ. ಅವಳು ಸರದಿಯಲ್ಲಿ ನಿಂತು, ತುಂಬಿದ ಕೊಡದ ಜೊತೆ ಊರಿನ ಸುದ್ದಿಯನ್ನೂ ಹೊತ್ತು ತರುತ್ತಾಳೆ. ಸುದ್ದಿ ಎಂದರೇನು, ಇವತ್ತು ಯಾರ ಮನೆಗೆ ಬೀಗ ಬಿತ್ತು ಎಂಬುದೇ ಸುದ್ದಿ. ನಮ್ಮ ಓಣಿಯಲ್ಲಿ ಅರ್ಧ ಜನ ಹೈದರಾಬಾದಿನ ಕಟ್ಟಡದ ಕೆಲಸಕ್ಕೆ ಹೋದರು. ನಿನ್ನೊಡನೆ ಫೋನಿನಲ್ಲಿ ಮಾತಾಡೋಣವೆಂದರೆ ನಿನ್ನ ಅವ್ವ ಅದನ್ನು ನನ್ನ ಕೈಗೆ ಕೊಟ್ಟರೆ ತಾನೇ? ಅದಕ್ಕೇ ಈ ನಿವೃತ್ತ ಮಾಸ್ತರ ಪೆನ್ನು ಹಿಡಿದಿದ್ದಾನೆ.

ನಿನ್ನ ಪತ್ರವನ್ನು ಮೂರು ಸಲ ಓದಿದೆ. ನಕ್ಷತ್ರಗಳ ಗುಂಪು ಚದುರಿಹೋಗದಂತೆ ಹಿಡಿದಿಟ್ಟಿರುವ, ಕಣ್ಣಿಗೆ ಕಾಣದ ಆ ಡಾರ್ಕ್ ಮ್ಯಾಟರ್‌ನ ವಿಷಯ ನನ್ನಂಥ ಕನ್ನಡ ಮಾಸ್ತರನಿಗೂ ತಿಳಿಯುವಂತೆ ಬರೆದಿದ್ದೀ. ಅದರ ಕಣ ಬಂದು ಬಡಿದರೆ, ಗಣಿಯ ಆಳದಲ್ಲಿಟ್ಟ ನಿಮ್ಮ ಉಪಕರಣದ ದ್ರವದ ಹನಿಯಲ್ಲಿ ಗುಳ್ಳೆ ಏಳಬೇಕು. ಎರಡು ವರ್ಷ ಕಾದರೂ ಅಂಥ ಒಂದು ಗುಳ್ಳೆಯೂ ಏಳಲಿಲ್ಲ. ಇಟಲಿಯ ಬೆಟ್ಟದ ಕೆಳಗೆ ಟನ್ನುಗಟ್ಟಲೆ ಝೆನಾನ್ ದ್ರವ ಇಟ್ಟುಕೊಂಡು ಕಾದವರಿಗೂ ಹೋದ ವರ್ಷ ಸಿಕ್ಕಿದ್ದು ಏನೂ ಇಲ್ಲ. ಹಾಗಾಗಿ ನಿಮ್ಮ ಸರ್ ಬರೆಯೆಂದ ಪ್ರಬಂಧವನ್ನು ಬರೆಯದೆ, ಎಲ್ಲ ಬಿಟ್ಟು ಬೀದರಿನ ಯಾವುದಾದರೂ ಕಾಲೇಜಿನಲ್ಲಿ ಪಾಠ ಮಾಡಲು ಬರುತ್ತೇನೆ ಎಂದಿದ್ದೀ. “ಇಲ್ಲ ಅಂತ ಬರಿಯೂದ್ರಾಗ ಏನ್ ಮಾನ ಐತಿ ಅಪ್ಪಾ” ಎಂದು ಕೇಳಿದ್ದೀ. ಅವ್ವನಿಗೆ ಪತ್ರ ಓದಿ ಹೇಳುವಾಗ ಆ ಸಾಲನ್ನು ಬಿಟ್ಟುಬಿಟ್ಟೆ. ನನಗೆ ಮಾತ್ರ ಅದು ಎದೆಗೆ ನಾಟಿತು. ಯಾಕೆಂದು ಹೇಳುತ್ತೇನೆ, ಬೈಯದೆ ಓದು.

ನನ್ನ ತೆಂಗಿನಕಾಯಿ ವಿದ್ಯೆ ನಿನಗೆ ಗೊತ್ತೇ ಇದೆ. ಅಂಗೈ ಮೇಲೆ ಕಾಯಿ ಇಟ್ಟುಕೊಂಡು ಹೊಲ ಸುತ್ತುವುದು, ಅದು ಎದ್ದು ನಿಂತಲ್ಲಿ ಬೋರ್ ಹಾಕಿ ಎನ್ನುವುದು. ನೀರು ಬಿದ್ದದ್ದನ್ನೆಲ್ಲ ಕೆಂಪು ವಹಿಯಲ್ಲಿ ಬರೆದಿಟ್ಟಿದ್ದೇನೆ. ಏಳನೇ ಇಯತ್ತೆಯಲ್ಲಿದ್ದಾಗ ನೀನು ಆ ವಹಿ ತಿರುವಿ ಹಾಕಿ, “ಸುಳ್ಳಾಗಿದ್ದು ಎಲ್ಲಿ ಬರ್ದೀ ಅಪ್ಪಾ?” ಎಂದು ಕೇಳಿದ್ದೆ. ನಾನು ಬೈದು ಆಚೆ ಕಳಿಸಿದ್ದೆ. ನಮ್ಮಲ್ಲಿ ಒಣಗಿದ ಬೋರಿನ ಬಾಯಿಗೆ ಚಪ್ಪಡಿ ಎಳೆದು, ಮೇಲೆ ಮಣ್ಣು ಹಾಕಿ, ಅದರ ಮಾತನ್ನೇ ಎತ್ತದಿರುವುದು ಪದ್ಧತಿ. ಎತ್ತಿದರೆ ಹೊಲದ ಹೆಸರು ಕೆಡುತ್ತದೆ, ಆ ಮನೆಗೆ ಹೆಣ್ಣು ಕೊಡಲು ಹಿಂದೆಮುಂದೆ ನೋಡುತ್ತಾರೆ. ತೋರಿಸಿದ ಮಾಸ್ತರನ ಹೆಸರೂ ಕೆಡುತ್ತದೆ, ಅದನ್ನು ಮಾತ್ರ ನಾನು ಯಾರಿಗೂ ಹೇಳುತ್ತಿರಲಿಲ್ಲ.

ಮಾರ್ಚಿನಲ್ಲಿ ಫಕ್ರೋದ್ದೀನ ಬಂದು ಕರೆದ. ರಂಜಾನ್ ಹಬ್ಬಕ್ಕೆ ಶೀರ್‌ಖುರ್ಮಾ ತಂದುಕೊಡುವ, ನಮ್ಮ ಹಿತ್ತಲಿನ ಆಚೆಯ ಮನೆಯವನೇ. ಅವನ ಹೊಲದ ಮೂಲೆಯಲ್ಲಿ ಕಾಯಿ ನೆಟ್ಟಗೆ ನಿಂತಿತು. ಔರಾದದಿಂದ ಬೋರಿನ ಗಾಡಿ ಬಂತು, ಐನೂರು ಅಡಿ ಇಳಿದರೂ ಬರೀ ಬಿಳಿ ಹುಡಿ. ಆಗ ಗಾಡಿಯ ಡ್ರೈವರ್ ಅಯ್ಯುಬ ನನ್ನನ್ನು ಪಕ್ಕಕ್ಕೆ ಕರೆದು, “ಮಾಸ್ತರ್ರಿ, ಈ ಬಾಂದಿನ ಆಚಿ ಕಾಶೀರಾಮನ ಹೊಲದಾಗೂ ನೀವೇ ತೋರ್ಸಿದ್ರಿ. ಅಲ್ಲೀನೂ ಹುಡಿನೇ ಬಂದಿತ್ತು. ಯಾದ್ ಇಲ್ಲೇನ್ರಿ?” ಎಂದ. ನನಗೆ ನಿಜವಾಗಿಯೂ ನೆನಪಿರಲಿಲ್ಲ ಮಗಳೇ. ಬರೆದಿಟ್ಟಿದ್ದರೆ ತಾನೇ ನೆನಪಿರುವುದು? ಬದುವಿನ ಆಚೆ ಇಪ್ಪತ್ತು ಹೆಜ್ಜೆ ದೂರದಲ್ಲಿ ಒಂದು ಚಪ್ಪಡಿಯ ಕೆಳಗೆ ಉತ್ತರ ಬಿದ್ದಿತ್ತು. ಎಂಟು ದಿನಕ್ಕೆ ಫಕ್ರೋದ್ದೀನ ಬೋರಿನ ಸಾಲ ತೀರಿಸಲು ಹೆಂಡತಿ ಮಕ್ಕಳೊಡನೆ ಹೈದರಾಬಾದಿಗೆ ಹೊರಟ. ಬಸ್ ಸ್ಟ್ಯಾಂಡಿನಲ್ಲಿ ನನ್ನನ್ನು ಬೈಯಲಿಲ್ಲ. “ಅಲ್ಲಿ ನೀರಿಲ್ಲಂತ ಯಾರರ ಮೊದ್ಲೇ ಒಂದ್ ಮಾತ್ ಹೇಳಿದ್ರ, ನಾ ಊರಾಗೇ ಇರ್ತಿದ್ನಿ ಮಾಸ್ತರ್” ಎಂದನಷ್ಟೇ. ಆ ಮಾತು ಕೇಳಿ ಮನೆಗೆ ಬಂದವನಿಗೆ ಎರಡು ದಿನ ಅನ್ನ ಸೇರಲಿಲ್ಲ. ಮೂರನೇ ದಿನ ನಿನ್ನ ಪತ್ರ ಬಂತು.

ನಿನ್ನ ಪತ್ರದ ನಡುವೆ ಒಂದು ಮಾತಿದೆ, ಅದನ್ನು ನೀನೇ ಗಮನಿಸಿದಂತಿಲ್ಲ. ಇಷ್ಟು ತೂಕದ, ಇಷ್ಟು ಬಲದ ಕಣ ಇದ್ದಿದ್ದರೆ ನಮಗೆ ಕಾಣಲೇಬೇಕಿತ್ತು, ಕಾಣಲಿಲ್ಲ, ಇನ್ನು ಹುಡುಕುವವರು ಬೇರೆ ಕಡೆ ಹುಡುಕಬೇಕು ಎಂದು ಬರೆದಿದ್ದೀ. ಅದನ್ನು ಓದಿದವನೇ ಅಯ್ಯುಬನಿಗೆ ಫೋನ್ ಮಾಡಿದೆ. ಹದಿನೈದು ದಿನ ಇಬ್ಬರೂ ಹೊಲ ತಿರುಗಿ, ಅವನ ನೆನಪು ಹಿಡಿದು ಚಪ್ಪಡಿ ಎತ್ತಿಸಿದೆವು. ಪಂಚಾಯತಿ ಗೋಡೆಯ ಮೇಲೆ ಊರಿನ ನಕಾಶೆ ಬರೆದು, ಒಣಗಿದ ಬೋರುಗಳಿಗೆ ಕಪ್ಪು ಚುಕ್ಕೆ ಇಟ್ಟು, ಪಕ್ಕದಲ್ಲಿ ಎಷ್ಟು ಅಡಿ ಎಂದು ಬರೆದೆ. ಮೂವತ್ತೊಂದು ಚುಕ್ಕೆ. ಹತ್ತೊಂಬತ್ತು ನಾನು ತೋರಿಸಿದವು, ಅವುಗಳ ಮುಂದೆ ನನ್ನ ಹೆಸರನ್ನೂ ಹಾಕಿದ್ದೇನೆ. ಅವನ್ನೂ ಕೆಂಪು ವಹಿಯ ಲೆಕ್ಕಕ್ಕೆ ಸೇರಿಸಿ ನೋಡಿದರೆ ಕಾಯಿ ನಿಲ್ಲುವುದಕ್ಕೂ ನೀರು ಬೀಳುವುದಕ್ಕೂ ಏನೇನೂ ಸಂಬಂಧ ಕಾಣಲಿಲ್ಲ. ನಗು, ಪರವಾಗಿಲ್ಲ. ಈಗ ಕಾಯಿಯನ್ನು ನಿನ್ನ ಅವ್ವ ಚಟ್ನಿಗೆ ಒಡೆದಿದ್ದಾಳೆ.

ಊರು ಸುಮ್ಮನಿರಲಿಲ್ಲ. ಮಗನಿಗೆ ಹೆಣ್ಣು ನೋಡುತ್ತಿರುವ ಮನ್ಮಥಪ್ಪ ತನ್ನ ಹೊಲದ ಚುಕ್ಕೆಗೆ ಸುಣ್ಣ ಬಳಿದ. ಮತ್ತೆ ಬರೆದೆ, ಮತ್ತೆ ಬಳಿದ. ಹೋದ ವಾರ ಅವನ ತಮ್ಮ ಬೋರ್ ಹಾಕಿಸಲು ಹೊರಟಾಗ ಮಾತ್ರ ಅದೇ ಮನ್ಮಥಪ್ಪ ಬೆರಳಿನಿಂದ ಸುಣ್ಣ ಕೆರೆದು ಅವನಿಗೆ ಅಡಿಯ ಲೆಕ್ಕ ತೋರಿಸುತ್ತಿದ್ದನಂತೆ. ಫಕ್ರೋದ್ದೀನನ ಹೊಲದ ಚುಕ್ಕೆಯೊಂದನ್ನು ಮಾತ್ರ ಇನ್ನೂ ಇಟ್ಟಿಲ್ಲ. ಅವನನ್ನು ಕೇಳದೆ ಇಡಲು ಕೈ ಬರಲಿಲ್ಲ, ಕೇಳಲು ಬಾಯಿ ಬರಲಿಲ್ಲ.

ಬೀದರಿಗೆ ಬರುವುದಾದರೆ ಬಾ, ನಿನ್ನ ಅವ್ವ ಕುಣಿದಾಡುತ್ತಾಳೆ, ನಾನೂ ಕುಣಿಯುತ್ತೇನೆ. ಆದರೆ ತಲೆ ತಗ್ಗಿಸಿ ಬರಬೇಡ. ಹೊತ್ತಿಗೆ ಸರಿಯಾಗಿ ಉಣ್ಣು, ಎಣ್ಣೆ ಹಚ್ಚಿ ತಲೆ ತೊಳೆದುಕೋ. ನಿಮ್ಮ ಸರ್‌ಗೆ ನನ್ನ ನಮಸ್ಕಾರ ಹೇಳು. ನೀನು ಇಳಿಯುವ ಗಣಿ ನಿನ್ನನ್ನು ದಿನವೂ ಸುಖವಾಗಿ ಮೇಲೆ ಕಳಿಸಲಿ.

ನಿನ್ನ ಅಪ್ಪ,
ಮಚ್ಛೇಂದ್ರ ಮಾಸ್ತರ

ತಾ.ಕ.: ಲಕೋಟೆಗೆ ಅಂಟು ಹಚ್ಚುವಷ್ಟರಲ್ಲಿ ಫಕ್ರೋದ್ದೀನನ ಫೋನ್ ಬಂತು. ಯಾರೋ ಗೋಡೆಯ ಫೋಟೋ ಕಳಿಸಿದ್ದಾರೆ, ಅದರಲ್ಲಿ ತನ್ನ ಹೊಲ ಹುಡುಕಿದನಂತೆ. “ನಂದ್ಯಾಕ ಬಿಟ್ರಿ ಮಾಸ್ತರ್? ಐನೂರು ಅಡಿ, ನೀರಿಲ್ಲ ಅಂತ ನನ್ನ ಹೆಸರ್ಲೇ ಬರೀರಿ. ಮತ್ತೊಬ್ಬಾಂವ ಅಲ್ಲಿ ತೋಡಬಾರ್ದು” ಎಂದ. ಬಣ್ಣದ ಡಬ್ಬಿ ಹಿಡಿದು ಪಂಚಾಯತಿಗೆ ಹೊರಟಿದ್ದೇನೆ. ನಾನು ಅವನದನ್ನು ಬರೆಯುತ್ತೇನೆ. ನೀನು ನಿನ್ನದನ್ನು ಬರೆ ಮಗಳೇ.