ಹುಲಿ ಡಬ್ಬಿ ಹುಡುಕಬೇಡಿ

ರೀ,

ಆ ಹುಲಿ ಚಿತ್ರದ ಡಬ್ಬೀಲಿದ್ದ, ಗಂಡಸರಿಗೆ ಶಕ್ತಿ ಅಂತ ಮಾರೋ ತೊಂಗ್‌ಕಾತ್ ಅಲಿ ಬೇರಿನ ಕಾಫಿಪುಡೀನ ಹಿತ್ತಲ ಬಾಳೆ ಬುಡಕ್ಕೆ ಸುರಿದಿದ್ದೀನಿ. ಬಾಳೆಗಾದ್ರೂ ಗಂಡಸ್ತನ ಬರ್ಲಿ.

ಡಾಕ್ಟರ್ ಫೌಝಿಯಾ ಹೇಳಿದ್ದು ನಿಮ್ಮ ಕಿವಿಗೆ ಅರ್ಧವೇ ಬಿತ್ತು, ನಿಮಗೆ ಗಂಡು ಹಾರ್ಮೋನ್ ಕಮ್ಮಿ ಅನ್ನೋದಷ್ಟೇ. ಅದು ಕಮ್ಮಿ ಇರೋರಲ್ಲಿ ರಕ್ತನಾಳ ಬಿಗಿಯೋ ಹಾರ್ಮೋನ್ ಜಾಸ್ತಿ ಇರಬಹುದಂತೆ. ಅದರ ಪೆಟ್ಟು ಎದೆಗಂತೆ! ನೀವೋ, ಹಾಜಿ ಮುಸ್ತಕೀಮ್ ಕಾಫಿ ಅಂಗಡೀಲಿ ಎದೆ ಉಬ್ಬಿಸ್ಕೊಂಡು, "ನನ್ನ ಕಾಫಿ ಗಟ್ಟಿಯಾಗಿರ್ಲಿ" ಅಂತೀರಿ. ಯಾಕೆ ಅಂತ ನಮ್ಮ ಕಂಪುಂಗಿನ ಇಡೀ ಹಳ್ಳಿಗೆ ಗೊತ್ತು.

ತೆಂಗಿನಹಾಲಿನ ಅನ್ನ, ನಿಮ್ಮ ನಾಸಿ ಲೆಮಾಕ್, ಮುಚ್ಚಿಟ್ಟಿದ್ದೀನಿ, ಈಗ್ಲೇ ಮುಟ್ಟಬೇಡಿ. ಖಾಲಿ ಹೊಟ್ಟೇಲಿ ಪರೀಕ್ಷೆಗೆ ರಕ್ತ ಕೊಟ್ಟು ಬಂದ ಮೇಲೆ ತಿನ್ನಿ. ಕ್ಲಿನಿಕ್ಕಲ್ಲಿ ನಂಬರ್ ತಗೊಂಡು ಕೂತಿರ್ತೀನಿ. ಬರದಿದ್ರೆ ಡಾಕ್ಟರಮ್ಮನ್ನ ಹಾಜಿ ಅಂಗಡಿಗೇ ಕರ್ಕೊಂಡು ಬರ್ತೀನಿ, ನಿಮ್ಮ ದೋಸ್ತ್‌ಗಳ ಮುಂದೇನೇ ವಿವರಿಸ್ಲಿ.

ನನಗೆ ಹುಲಿ ಬೇಡ. ಗೊರಕೆ ಹೊಡ್ಕೊಂಡು ಪಕ್ಕದಲ್ಲಿ ಬಿದ್ದಿರೋ ನೀವಿದ್ರೆ ಸಾಕು.

ಹಸ್ನೀತಾ