ಭಾನುವಾರದ ಅಪ್ಪ

ಜೂನ್ 9, ಭಾನುವಾರ

ಮಗಳು ಗುಬ್ಬಿಯ ಜಡೆ ಹೆಣೆದು ಕಳಿಸಿದೆ. ಕೋರ್ಟಿನ ಆದೇಶ — ಭಾನುವಾರ ಪೂರ್ತಿ ಅಪ್ಪನ ಜೊತೆ. ಏಳು ವರ್ಷದ ಮಗು, ಬೈಕಿನ ಮೇಲೆ, ಹೆಲ್ಮೆಟ್ ಇಲ್ಲ. ಸಂಜೆ ಮೊಣಕಾಲು ತರಚಿಕೊಂಡು ಬಂದಳು. "ಬಿದ್ವಿ" ಅಂದಳು, ಅಷ್ಟೆ. ಅವನ ಬಾಯಿಯ ವಾಸನೆ ಗೇಟಿನವರೆಗೂ. ಕೆನ್ನೆಗೆ ಬಾರಿಸಬೇಕು ಅನ್ನಿಸಿತು. ಒಳಗೆ ಹೋಗಿ ಗಾಯ ಒರೆಸಲು ಹತ್ತಿ ಹುಡುಕಿದೆ.

ಜೂನ್ 12

ಲಾಯರಮ್ಮನ ಆಫೀಸು. "ಕುಡಿದಿದ್ದ ಅನ್ನೋದಕ್ಕೆ ಪ್ರೂಫ್ ಇದೆಯಾ?" ನನ್ನ ಮೂಗನ್ನೇ ಕೊಯ್ದು ಕೊಡಲೇ? ನಾನೇ ಮಗುವಿನ ತಲೆ ಕೆಡಿಸುತ್ತಿದ್ದೇನೆ ಅಂತ ಅವನ ಕಡೆಯವರ ವಾದವಂತೆ...

ಜೂನ್ 26

ಮತ್ತೆ ವಾಯಿದೆ. ಆಸ್ಪತ್ರೆ ಲಾಂಡ್ರಿಯಲ್ಲಿ ಮೇಸ್ತ್ರಿ ಸಿಡಿಮಿಡಿ. "ನಿಂಗೆ ಕೆಲಸ ಬೇಕಾ, ಕೋರ್ಟ್ ಬೇಕಾ, ಒಂದು ಹೇಳು." ಬೆಡ್‌ಶೀಟ್ ಇಸ್ತ್ರಿ ಮಾಡುತ್ತ ನಿಂತೇ ತೂಕಡಿಸಿದೆ. ಮನೆಗೆ ಬಂದರೆ ಅಮ್ಮನ ಗಾದೆ ರೆಡಿ: "ಕೋರ್ಟಲ್ಲಿ ಗೆದ್ದವನು ಸೋತ, ಸೋತವನು ಸತ್ತ." ಸುಮ್ಮನಿರಮ್ಮ ತಾಯಿ.

ಜುಲೈ 11

ಜಡ್ಜ್ ಗುಬ್ಬಿಯೊಬ್ಬಳನ್ನೇ ಚೇಂಬರಿಗೆ ಕರೆಸಿದರು. ನಾವೆಲ್ಲ ಹೊರಗೆ. ಜೊತೆಗಿದ್ದ ಕೋರ್ಟಿನ ಕೌನ್ಸೆಲರ್ ಆಮೇಲೆ ಹೇಳಿದ್ದು — "ಹತ್ತಿರ ಬಾ ಮರಿ" ಅಂದರಂತೆ ಜಡ್ಜ್. ಇವಳು "ಮೊದಲು ಊದಿ" ಅಂದಳಂತೆ! ಪಾಪ, ಅವರು ಊದಿಯೇ ಬಿಟ್ಟರಂತೆ. ಯಾಕಮ್ಮ ಅಂದದ್ದಕ್ಕೆ, "ವಾಸನೆ ಬಂದ್ರೆ ಬೈಕ್ ಹತ್ತಬಾರದು. ಅಜ್ಜಿ ಹೇಳ್ಕೊಟ್ಟಿದ್ದು."

"ವಾಸನೆ ಬಂದ್ರೆ ಹತ್ತಲ್ವಾ ಹಾಗಾದ್ರೆ?" ಅಂದರಂತೆ ಜಡ್ಜ್.

"ಹತ್ತೀನಿ. ಇಲ್ಲಾಂದ್ರೆ ಅಪ್ಪ ಬಿಟ್ಟು ಹೋಗ್ತಾರೆ."

ಕೇಳುತ್ತ ನಗು ಬಂದಿತ್ತು. ಅರ್ಧಕ್ಕೇ ನಿಂತಿತು.

ಹೊಸ ಆದೇಶ: ಭೇಟಿ ಇನ್ನು ಶನಿವಾರ, ಕೋರ್ಟಿನ ಮಕ್ಕಳ ಕೋಣೆಯಲ್ಲೇ, ಕೌನ್ಸೆಲರ್ ಎದುರಿಗೆ. ಬೈಕಿಲ್ಲ. ಮನೆಗೆ ಬಂದವಳು ಚಪ್ಪಲಿ ಬಿಟ್ಟು ಅಲ್ಲೇ ನೆಲಕ್ಕೆ ಒರಗಿದೆ. ಗೆದ್ದೆ ಅನ್ನಲೂ ತ್ರಾಣವಿಲ್ಲ.

ಜುಲೈ 20, ಶನಿವಾರ

ಮಕ್ಕಳ ಕೋಣೆಯಲ್ಲಿ ಮೊದಲ ಭೇಟಿ. ಪುಟ್ಟ ಕುರ್ಚಿಗಳು, ಚಕ್ರವಿಲ್ಲದ ಆಟದ ಲಾರಿ. ಕಾದೆವು, ಕಾದೆವು. ಕೊನೆಗೆ ಕೌನ್ಸೆಲರ್ ಅವನಿಗೆ ಫೋನ್ ಮಾಡಿದರು. "ನನ್ನ ಮಗಳನ್ನ ಕಾವಲಲ್ಲಿ ನೋಡೋಕೆ ನಾನೇನು ಕಳ್ಳನಾ? ಬರಲ್ಲ" ಅಂದನಂತೆ. ಹಾಯೆನಿಸಿತು, ಸುಳ್ಳು ಯಾಕೆ ಹೇಳಲಿ.

ಗುಬ್ಬಿ ಬಾಗಿಲನ್ನೇ ನೋಡುತ್ತಿದ್ದಳು. ಅಳಲಿಲ್ಲ. ಬಸ್ಸಿನಲ್ಲಿ ಕಿಟಕಿಯತ್ತ ಮುಖ ಮಾಡಿ ಕೇಳಿದಳು — "ನಾನು ಜಡ್ಜ್ ಹತ್ರ ಹೇಳಿದ್ದಕ್ಕೇನಾ ಅಮ್ಮ, ಅಪ್ಪ ಬಿಟ್ಟು ಹೋಗಿದ್ದು?"

ಅಲ್ಲ ಪುಟ್ಟಾ ಅಂದೆ. ಮತ್ಯಾಕೆ ಅಂದಳು.

"ಅಪ್ಪ ಬರದೇ ಇದ್ದದ್ದು ಯಾಕಂದ್ರೆ..." ಅಂತ ಶುರು ಮಾಡಿ, ಬಿಚ್ಚಿಹೋಗಿದ್ದ ಅವಳ ಜಡೆಯನ್ನು ಮತ್ತೆ ಹೆಣೆಯತೊಡಗಿದೆ.